ಶುಕ್ರವಾರದ ಕಂತು

ಕಂತು ತಪ್ಪಿದವರಿಗೆ ಫೋನ್ ಮಾಡಿ ಕಾರಣ ಕೇಳುವುದು ಶೋಭಾರಾಣಿಯ ಕೆಲಸ. ಗಂಗಾವತಿಯ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವಳ ಆಫೀಸು. ಕಿಟಕಿ ತೆರೆದರೆ ಗೊಬ್ಬರದ ವಾಸನೆ, ಮುಚ್ಚಿದರೆ ಸೆಕೆ. ಸಾಲ ತೀರಿಸಲಾಗದೆ ಕೈಚೆಲ್ಲಿ ಕೂತವರು ಆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಆಫೀಸಿನವರು ಸಾಲ ಕೊಟ್ಟವರ ಜೊತೆ ಮಾತಾಡಿ, ಬಡ್ಡಿಯನ್ನೂ ದಂಡವನ್ನೂ ಬಿಡಿಸಿ, ಉಳಿದದ್ದನ್ನು ತಿಂಗಳ ಕಂತಾಗಿ ಮಾಡಿಸಿಕೊಡುತ್ತಿದ್ದರು. ಅದಕ್ಕೆ ತೀರುವಳಿ ಒಪ್ಪಂದ ಅಂತ ಹೆಸರು. ಒಪ್ಪಂದದಲ್ಲಿ ಒಂದೇ ಒಂದು ಬಿಗಿ ಮಾತಿತ್ತು. ಐದನೇ ತಾರೀಖಿನ ಸಂಜೆಯೊಳಗೆ ಕಂತು ಬರಬೇಕು, ಇಲ್ಲವೇ ಯಾಕೆ ಬರಲಿಲ್ಲ ಅನ್ನುವ ಕಾರಣವಾದರೂ ಬರಬೇಕು. ಎರಡೂ ಬರದಿದ್ದರೆ ಮರುದಿನ ಮಧ್ಯಾಹ್ನಕ್ಕೆ ಒಪ್ಪಂದ ಮುರಿದು ಬೀಳುತ್ತಿತ್ತು. ಬಿಟ್ಟ ಬಡ್ಡಿ, ಬಿಟ್ಟ ದಂಡ ಎಲ್ಲ ತಿರುಗಿ ತಲೆಯ ಮೇಲೆ.

ಶೋಭಾರಾಣಿ ಫೋನಿನಲ್ಲಿ ಯಾರಿಗೂ ‘ನೀವು ಕಂತು ತಪ್ಪಿಸಿದ್ದೀರಿ’ ಅಂದವಳಲ್ಲ. ‘ಈ ತಿಂಗಳದ್ದು ಇನ್ನಾ ಬಂದಂಗಿಲ್ರಿ’ ಅನ್ನುತ್ತಿದ್ದಳು. ಕಂತಿಗೇ ದಾರಿಯಲ್ಲಿ ಏನೋ ಅಡಚಣೆಯಾಗಿರಬೇಕು ಅನ್ನುವ ಧ್ವನಿಯಲ್ಲಿ. ಕೊಪ್ಪಳದ ಕಾಲೇಜಿನಲ್ಲಿ ಓದುವಾಗಿನಿಂದ ಅವಳಿಗೆ ಮಾತು ತೂಗಿ ಆಡುವ ಅಭ್ಯಾಸ. ಮ್ಯಾನೇಜರ್ ಈಶಪ್ಪನವರು ಹೊಸಬರಿಗೆ ಅವಳನ್ನೇ ತೋರಿಸುತ್ತಿದ್ದರು. ಪಕ್ಕದ ಮೇಜಿನ ಸುನಿತಾಳದು ಬೇರೆಯೇ ಧಾಟಿ. ಅವಳು ಫೋನಿನಲ್ಲಿ ಜನರನ್ನು ಕಿಚಾಯಿಸುತ್ತಿದ್ದಳು, ಜನ ನಗುತ್ತಾ ಕಂತು ಕಟ್ಟುತ್ತಿದ್ದರು. ಇಬ್ಬರ ಕೆಲಸವೂ ನಡೆಯುತ್ತಿತ್ತು.

ಹೋದ ಬೇಸಿಗೆಯ ಕೊನೆಗೆ ಆ ಮೆಟ್ಟಿಲು ಹತ್ತಿ ಮಲ್ಲೇಶ ಬಂದ. ಹಿಂದೆ ಅವನ ಹೆಂಡತಿ ನೇತ್ರಾವತಿ.

ಮಲ್ಲೇಶ ಶೋಭಾರಾಣಿಯ ಸೋದರಮಾವ ಗ್ಯಾನಪ್ಪನ ಮಗ. ಚಿಕ್ಕವರಿದ್ದಾಗ ಹನುಮನಹಳ್ಳಿಗೆ ಹೋದರೆ ಮಾವನ ಮನೆಯ ಮುದುಕಿಯರೆಲ್ಲ ಅವಳನ್ನು ‘ಬಾರಬೇ ಮಲ್ಲೇಶನ ಹೇಣ್ತಿ’ ಅಂತಲೇ ಕರೆಯುತ್ತಿದ್ದರು. ಕಾಲೇಜು ಮುಗಿದ ವರ್ಷ ಮಾವ ನಿಜವಾಗಿಯೂ ಹೆಣ್ಣು ಕೇಳಲು ಬಂದ. ಅವ್ವ ಹೊಳಿಯಮ್ಮ ಮಗಳ ಮುಖ ನೋಡಿದಳು. ಶೋಭಾರಾಣಿ ‘ನೋಡೋಣು’ ಅಂದಳು. ಅವಳು ನಿಜವಾಗಿಯೂ ನೋಡೋಣ ಅಂದುಕೊಂಡೇ ಹೇಳಿದ್ದು. ಆದರೆ ಆ ಮನೆಗಳಲ್ಲಿ ಹೆಣ್ಣು ಕೇಳಲು ಬಂದವರಿಗೆ ‘ನೋಡೋಣು’ ಅಂದರೆ ಇಲ್ಲ ಅಂತಲೇ ಅರ್ಥ. ಮಾವ ಚಹಾ ಕುಡಿದು ಎದ್ದು ಹೋದ. ಮುಂದಿನ ಸುಗ್ಗಿಗೆ ಮಲ್ಲೇಶನಿಗೆ ಬೇವೂರಿನ ಈ ನೇತ್ರಾವತಿ ಗೊತ್ತಾದಳು. ಶೋಭಾರಾಣಿಗೆ ಕುಷ್ಟಗಿಯಲ್ಲಿ ಹಾಸ್ಟೆಲ್ ವಾರ್ಡನ್ ಆಗಿದ್ದ ದುರಗೇಶ ಸಿಕ್ಕ. ಸರ್ಕಾರಿ ನೌಕರಿ, ಸ್ವಂತ ಮನೆ, ಒಂದು ಚಟವಿಲ್ಲ. ಯಾರೂ ಬೆರಳು ತೋರಿಸುವಂತಿಲ್ಲದ ಗಂಡ.

ಮಲ್ಲೇಶ ಅಂಜನಾದ್ರಿ ನೋಡಲು ಬರುವ ಪ್ರವಾಸಿಗರಿಗೆ ಸ್ಕೂಟರ್ ಬಾಡಿಗೆ ಕೊಡುವ ದಂಧೆ ಮಾಡಿದ್ದ. ಖಾಸಗಿ ಫೈನಾನ್ಸಿನಲ್ಲಿ ಸಾಲ ತೆಗೆದು ಸಾಲಾಗಿ ಸ್ಕೂಟರ್ ನಿಲ್ಲಿಸಿದ ವರ್ಷವೇ ಕೊರೊನಾ ಬಂತು. ಬೆಟ್ಟಕ್ಕೆ ಮಂಗಗಳನ್ನು ಬಿಟ್ಟು ಬೇರೆ ಯಾರೂ ಬರಲಿಲ್ಲ. ಆಮೇಲೆ ಜನ ಬಂದರೂ ಬಡ್ಡಿ ಅವರಿಗಿಂತ ಮುಂದೆ ಓಡಿಬಿಟ್ಟಿತ್ತು. ಸ್ಕೂಟರುಗಳು ಹೋದವು, ಎರಡು ಉಳಿದವು. ಈಗ ಅವನು ಬೆಟ್ಟದ ಬುಡದಲ್ಲಿ ಭಕ್ತರ ಗಾಡಿ ಕಾಯುತ್ತಾನೆ, ನೇತ್ರಾವತಿ ಅಲ್ಲೇ ನಿಂಬೆಹಣ್ಣಿನ ಶರಬತ್ತು ಮಾರುತ್ತಾಳೆ.

ಇದನ್ನೆಲ್ಲ ಹೇಳುವಾಗ ಇಬ್ಬರೂ ನಗುತ್ತಲೇ ಇದ್ದರು. ಶೋಭಾರಾಣಿಗೆ ಮೊದಲು ಚುಚ್ಚಿದ್ದು ಅದೇ. ಆ ಕುರ್ಚಿಯಲ್ಲಿ ಕೂತು ನಕ್ಕವರನ್ನು ಅವಳು ಅದುವರೆಗೆ ನೋಡಿರಲಿಲ್ಲ. ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ ಅಂತ ಅವಳು ಕೇಳಬೇಕಾಗಿತ್ತು, ಕೇಳಿದಳು. ಮಲ್ಲೇಶ ಹೆಂಡತಿಯ ಕಡೆ ಬೆರಳು ಮಾಡಿ ‘ಒಬ್ಬಾಕಿ’ ಅಂದ. ನೇತ್ರಾವತಿ ಮೇಜಿನ ಕೆಳಗೆ ಅವನ ತೊಡೆಗೆ ಚಿವುಟಿದಳು. ಮೇಜಿನ ಕೆಳಗೆ ನಡೆದದ್ದು ಶೋಭಾರಾಣಿಗೆ ಕಾಣಬೇಕಾಗಿರಲಿಲ್ಲ, ಆದರೆ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಸಹಿ ಮುಗಿದ ಮೇಲೆ ನೇತ್ರಾವತಿ ಚೀಲದಿಂದ ಮಿರ್ಚಿ ಭಜಿಯ ಪೊಟ್ಟಣ ತೆಗೆದಳು. ಒಂದನ್ನು ಶೋಭಾರಾಣಿಗೆ ಕೊಟ್ಟಳು, ಒಂದನ್ನು ಸುನಿತಾಳಿಗೆ. ಮತ್ತೊಂದನ್ನು ಉದ್ದಕ್ಕೆ ಸೀಳಿ, ಒಳಗಿನ ಮೆಣಸಿನಕಾಯಿ ಎಳೆದು ತನ್ನ ಬಾಯಿಗೆ ಹಾಕಿಕೊಂಡು, ಬರೀ ಹಿಟ್ಟಿನ ಕವಚವನ್ನು ಗಂಡನ ಕೈಗಿಟ್ಟಳು. ಮಾತು ನಿಲ್ಲಿಸಲೇ ಇಲ್ಲ, ಕೈ ತನ್ನ ಪಾಡಿಗೆ ಆ ಕೆಲಸ ಮಾಡಿತು. ಮಲ್ಲೇಶನಿಗೆ ಖಾರ ಆಗುವುದಿಲ್ಲ ಅನ್ನುವುದು ಶೋಭಾರಾಣಿಗೆ ಮೂರನೇ ಇಯತ್ತೆಯಿಂದಲೂ ಗೊತ್ತಿತ್ತು. ಅದು ತನ್ನೊಬ್ಬಳಿಗೇ ಗೊತ್ತು ಅಂತ ಅವಳು ಇಷ್ಟು ವರ್ಷ ಯಾಕೆ ಅಂದುಕೊಂಡಿದ್ದಳೋ.

ಹೋಗುವಾಗ ನೇತ್ರಾವತಿ ಅವಳ ಎರಡೂ ಕೈ ಹಿಡಿದುಕೊಂಡು, ‘ನಮ್ಮವರ ಅದಾರ ಅಂತ ಧೈರ್ಯ ಆತು ನೋಡ್ರಿ ಅಕ್ಕಾರ’ ಅಂದಳು.

ಅಕ್ಕಾರ. ಸಂಬಂಧದಲ್ಲಿ ನೋಡಿದರೆ ತಪ್ಪೇನಿಲ್ಲ, ಗಂಡನ ಅತ್ತೆಯ ಮಗಳು ಅಕ್ಕನೇ ಆಗಬೇಕು. ಆದರೆ ಎರಡನೇ ಸಂಬಂಧವಾಗಿ ಮನೆಗೆ ಬಂದ ಹೆಂಗಸೂ ಮೊದಲ ಹೆಂಡತಿಯನ್ನು ಅಕ್ಕ ಅಂತಲೇ ಕರೆಯುತ್ತಾಳೆ. ಹಾಗೆ ಕರೆಸಿಕೊಳ್ಳುವಾಗೆಲ್ಲ ಶೋಭಾರಾಣಿಗೆ, ತಾನು ಎಂದೂ ಬಾಳದ ಮನೆಯಿಂದ ತನ್ನನ್ನು ಮರ್ಯಾದೆಯಿಂದ ಹೊರಗೆ ಕಳಿಸಿದ ಹಾಗೆ ಅನಿಸುತ್ತಿತ್ತು.

ಅವಳ ಮನೆಯಲ್ಲಿ ಸಾಲವಿರಲಿಲ್ಲ. ದುರಗೇಶ ಶನಿವಾರ ಸಂಜೆ ಕುಷ್ಟಗಿಯಿಂದ ಬರುತ್ತಿದ್ದ, ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ. ಬಂದಾಗ ಗ್ಯಾಸ್ ಸಿಲಿಂಡರ್ ಅಲುಗಾಡಿಸಿ ನೋಡುತ್ತಿದ್ದ, ನೀರಿನ ಟಾಕಿ ನೋಡುತ್ತಿದ್ದ, ಎಲ್ಲ ಸರಿ ಇದ್ದರೆ ಟಿವಿ ಮುಂದೆ ಕೂರುತ್ತಿದ್ದ. ಎಲ್ಲ ಯಾವಾಗಲೂ ಸರಿಯೇ ಇರುತ್ತಿತ್ತು. ಅವನು ಒಮ್ಮೆಯೂ ಅವಳ ಮೇಲೆ ಸಿಟ್ಟು ಮಾಡಿದವನಲ್ಲ. ಒಮ್ಮೆಯೂ ಅವಳನ್ನು ನಗಿಸಿದವನೂ ಅಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಕೇಳಿದವರು ಅವಳಿಗೇ ಬುದ್ಧಿ ಹೇಳುತ್ತಿದ್ದರು.

ಪ್ರತಿ ತಿಂಗಳು ತಾರೀಖಿಗೆ ಎರಡು ದಿನ ಮುಂಚೆ ಎಲ್ಲರಿಗೂ ನೆನಪು ಮಾಡಿಕೊಡುವ ಪದ್ಧತಿ ಇತ್ತು. ಹನುಮನಹಳ್ಳಿಗೆ ಫೋನ್ ಮಾಡಿದರೆ ಮಲ್ಲೇಶನೇ ಎತ್ತುತ್ತಿದ್ದ. ಕಂತಿನ ಮಾತು ಒಂದು, ಹಳೆಯ ಮಾತು ಎರಡು. ಹೊಳೆಯಲ್ಲಿ ಹರಿಗೋಲು ತಿರುಗಿದಾಗ ಅವಳು ಅತ್ತದ್ದು, ಅವನ ಅವ್ವ ಮಾಡುತ್ತಿದ್ದ ಕಡಬು. ಅವನು ಎಲ್ಲರೊಡನೆಯೂ ಹೀಗೇ ಮಾತಾಡುತ್ತಾನೆ ಅಂತ ಅವಳು ತನಗೆ ತಾನೇ ಹೇಳಿಕೊಂಡು, ಆ ದಿನವೆಲ್ಲ ಹಗುರಾಗಿರುತ್ತಿದ್ದಳು. ಹಿಂದಿನಿಂದ ನೇತ್ರಾವತಿಯ ಧ್ವನಿ, ‘ಯಾರ್ರೀ ಅದು’ ಅಂತ ಕೇಳಿದರೆ ಹಗುರವೆಲ್ಲ ಇಳಿದು ಹೋಗುತ್ತಿತ್ತು. ಅವರ ಕಂತು ಯಾವಾಗಲೂ ತಾರೀಖಿನೊಳಗೇ ಬರುತ್ತಿತ್ತು. ಐದರ ಬೆಳಿಗ್ಗೆ ಕಂಪ್ಯೂಟರ್ ತೆರೆದು ಅವಳು ಮೊದಲು ನೋಡುತ್ತಿದ್ದದ್ದು ಅದನ್ನೇ. ಬಂದಿದೆ ಅಂತ ಕಂಡರೆ ಸಮಾಧಾನವಾಗಬೇಕಾಗಿತ್ತು. ಆಗುತ್ತಿರಲಿಲ್ಲ.

ಡಿಸೆಂಬರಿನ ಐದನೇ ತಾರೀಖು ಶುಕ್ರವಾರ ಬಂತು. ಹನುಮಮಾಲೆಯ ಗದ್ದಲ ಆಗತಾನೇ ಮುಗಿದಿತ್ತು. ಬೆಟ್ಟಕ್ಕೆ ಆ ವಾರ ಎಷ್ಟು ಜನ ಬಂದಿದ್ದರೆಂದರೆ ಗಂಗಾವತಿಯ ರಸ್ತೆಗಳಲ್ಲೂ ಕೇಸರಿ ಬಟ್ಟೆ ತುಂಬಿಕೊಂಡಿತ್ತು. ಮಲ್ಲೇಶನಿಗೆ ಕೈತುಂಬ ದುಡಿಮೆ ಆಗಿರಲೇಬೇಕು. ಆದರೆ ಬೆಳಿಗ್ಗೆ ನೋಡಿದರೆ ಕಂತಿಲ್ಲ. ಊಟದ ಹೊತ್ತಿಗೂ ಇಲ್ಲ. ಸಂಜೆ ಬಿಸಿಲು ಇಳಿದು ಗೊಬ್ಬರದಂಗಡಿಯವರು ಚೀಲ ಒಳಗೆಳೆಯುವ ಸದ್ದು ಶುರುವಾದಾಗಲೂ ಇಲ್ಲ.

ಶೋಭಾರಾಣಿಯ ಎದೆಯಲ್ಲಿ ಏನೋ ಸಣ್ಣಗೆ ಕುಣಿಯಿತು. ಅದು ಆತಂಕ ಅಂತ ಅವಳು ಮೊದಲು ತಿಳಿದಳು. ಆತಂಕ ಅವಳಿಗೆ ಚೆನ್ನಾಗಿ ಪರಿಚಯದ್ದು, ಅದು ಹೀಗಿರುವುದಿಲ್ಲ. ಇದು ಸಿಹಿಯಾಗಿತ್ತು. ದುಡ್ಡು ಬಂದ ಮೇಲೂ ಕಟ್ಟಿಲ್ಲ ಅಂದರೆ ಉಡಾಯಿಸಿರಬೇಕು. ನೇತ್ರಾವತಿ ಸೀರೆ ಕೇಳಿರಬೇಕು. ಹೊಸಪೇಟೆಗೆ ಹೋಗಿ ಸಿನಿಮಾ ನೋಡಿ, ಹೋಟೆಲಿನಲ್ಲಿ ಉಂಡು, ಅವಳು ಅವನ ತಟ್ಟೆಯಿಂದ ಖಾರದ್ದೆಲ್ಲ ಆರಿಸಿ ತಿಂದಿರಬೇಕು. ನಗುತ್ತಾ ನಗುತ್ತಾ ಕಂತು ಮರೆತಿರಬೇಕು. ನಗುವವರಿಗೆ ಒಂದಲ್ಲ ಒಂದು ದಿನ ಹೀಗಾಗಲೇಬೇಕು ಅನ್ನುವಂತೆ ಅವಳು ಪರದೆಯ ಮೇಲಿನ ಆ ಖಾಲಿ ಸಾಲನ್ನೇ ನೋಡುತ್ತಾ ಕೂತಳು.

ಆ ಸಂಜೆ ಅವಳು ಕಂತು ಬಾರದ ಎಲ್ಲರಿಗೂ ಫೋನ್ ಮಾಡಿದಳು. ಕಾರಟಗಿಯ ಟೇಲರನಿಗೆ, ಯಲಬುರ್ಗಾದ ಕಿರಾಣಿಯವನಿಗೆ, ಗಂಡ ಆಸ್ಪತ್ರೆಯಲ್ಲಿದ್ದ ಒಬ್ಬ ಟೀಚರಿಗೆ. ಎಂದಿನಂತೆ ಮೆತ್ತಗೆ ಕೇಳಿದಳು, ಕಾರಣ ಬರೆದುಕೊಂಡಳು. ಹನುಮನಹಳ್ಳಿಯ ನಂಬರಿನ ಹತ್ತಿರ ಬಂದಾಗ ಬೆರಳು ಅದನ್ನು ದಾಟಿ ಮುಂದಿನದಕ್ಕೆ ಹೋಯಿತು. ಕೊನೆಗೆ ಅದೊಂದೇ ಉಳಿಯಿತು. ಪ್ರತಿಯೊಬ್ಬರ ಹೆಸರಿನ ಮುಂದೆ ಏನಾದರೂ ಒತ್ತದ ಹೊರತು ಕಂಪ್ಯೂಟರ್ ಮುಚ್ಚಲು ಬಿಡುತ್ತಿರಲಿಲ್ಲ. ಅನಾರೋಗ್ಯ, ಸಾವು, ಆದಾಯ ತಡ, ಕರೆ ಸ್ವೀಕರಿಸಲಿಲ್ಲ. ಇಷ್ಟೇ ಇದ್ದವು. ಕರೆ ಮಾಡಲಿಲ್ಲ ಅನ್ನುವುದನ್ನು ಆ ಪಟ್ಟಿ ಮಾಡಿದವರು ಯೋಚಿಸಿರಲೇ ಇಲ್ಲ. ಅವಳು ‘ಕರೆ ಸ್ವೀಕರಿಸಲಿಲ್ಲ’ ಒತ್ತಿದಳು.

‘ಎತ್ತಲಿಲ್ಲೇನು ನಿಮ್ಮ ಮಂದಿ?’ ಅಂತ ಸುನಿತಾ ಚೀಲ ಹೆಗಲಿಗೇರಿಸುತ್ತಾ ಕೇಳಿದಳು.

‘ಹತ್ತಲಿಲ್ಲ’ ಅಂದಳು ಶೋಭಾರಾಣಿ.

ಮನೆಗೆ ಬಂದರೆ ಅವ್ವ ದೀಪ ಹಚ್ಚಿ ಜಗಲಿಗೆ ಕೂತಿದ್ದಳು. ದುರಗೇಶ ಊರಲ್ಲಿರದ ವಾರವೆಲ್ಲ ಹೊಳಿಯಮ್ಮ ಮಗಳ ಜೊತೆಗೇ ಇರುತ್ತಿದ್ದಳು. ಪಕ್ಕದ ಮನೆಯ ಇಮಾಮಬೀ ಆಟೋದವನಿಗೆ ಕೊಡಲು ಚಿಲ್ಲರೆ ಕೇಳಿ ಬಂದಳು. ಹೊಳಿಯಮ್ಮ ಸೊಂಟದ ಚೀಲ ಮುಟ್ಟಿ ನೋಡಿಕೊಂಡು, ದೀಪ ಹಚ್ಚೀನಿ, ಶುಕ್ರವಾರ ಬ್ಯಾರೆ, ಬೆಳಿಗ್ಗಿ ಎಷ್ಟರ ಒಯ್ಯಿ, ಅಂದಳು. ಇಮಾಮಬೀಗೆ ಇದು ಹೊಸದಲ್ಲ. ‘ನಿಮ್ಮ ಲಕ್ಷ್ಮವ್ವಗ ಶುಕ್ರವಾರ ಹೊರಗ ಬೀಳಾಕ ಪರವಾನಗಿ ಇಲ್ಲ ನೋಡು’ ಅಂತ ನಗುತ್ತಾ ಇನ್ನೊಂದು ಮನೆಗೆ ಹೋದಳು. ಶೋಭಾರಾಣಿಯ ಕಿವಿಗೆ ಅದು ಬಿತ್ತು, ತಲೆಗೆ ಹೋಗಲಿಲ್ಲ. ಅವಳು ಹೊಸಪೇಟೆಯ ಹೋಟೆಲಿನಲ್ಲಿ ಅವರಿಬ್ಬರ ಎದುರಿನ ಮೇಜಿನಲ್ಲಿ ಕೂತಿದ್ದಳು.

ಮರುದಿನ ಆಫೀಸು ತೆರೆದು ಕಸ ಗುಡಿಸುವುದು ಮುಗಿದಿರಲಿಲ್ಲ, ನೇತ್ರಾವತಿ ಮೆಟ್ಟಿಲು ಹತ್ತಿ ಬಂದಳು. ಒಬ್ಬಳೇ. ಶನಿವಾರವಾದ್ದರಿಂದ ಬೆಟ್ಟದಲ್ಲಿ ಜನ ಜಾಸ್ತಿ, ಮಲ್ಲೇಶ ಗಾಡಿ ಬಿಟ್ಟು ಬರುವ ಹಾಗಿರಲಿಲ್ಲ. ಕೈಯಲ್ಲಿ ಫೋನು, ಕಂಕುಳಲ್ಲಿ ಚೀಲ. ಮುಖದಲ್ಲಿ ಎಂದಿನ ನಗು ಇತ್ತು, ಆದರೆ ಒಂದು ಅಂಚಿನಲ್ಲಿ ಹರಿದಂತೆ.

ಬೆಳಿಗ್ಗೆ ಎದ್ದ ಕೂಡಲೇ ಕಂತು ಕಳಿಸಲು ನೋಡಿದಳಂತೆ. ಫೋನು ತೆಗೆದುಕೊಳ್ಳುತ್ತಿಲ್ಲ. ಹಣ ಕಟ್ಟಲು ಅನುಮತಿ ಇಲ್ಲ ಅಂತ ಕೆಂಪು ಅಕ್ಷರ ಬರುತ್ತದೆ. ಅದಕ್ಕೇ ಮೊದಲ ಬಸ್ಸು ಹತ್ತಿ ಓಡಿಬಂದೆ ಅಂದಳು.

ನಿನ್ನೆ ಯಾಕೆ ಕಟ್ಟಲಿಲ್ಲ ಅಂತ ಶೋಭಾರಾಣಿ ಕೇಳಿದಳು. ಸೀರೆಯ ಮಾತು, ಸಿನಿಮಾದ ಮಾತು ಬರುತ್ತದೆ ಅಂತ ಕಾದಳು.

‘ಗುರುವಾರ ಇವ್ರು ರೊಕ್ಕ ತಂದು ಕೈಯಾಗ ಕೊಟ್ಟಾಗ ದೀಪ ಹಚ್ಚಿಬಿಟ್ಟಿದ್ದೆ ರಿ. ದೀಪ ಹಚ್ಚಿದ ಮ್ಯಾಲ ಹೆಂಗ ಕಳಸೂದು? ಬೆಳಿಗ್ಗಿ ಕಳಸೋಣು ಅಂದ್ರ ಶುಕ್ರವಾರ.’

‘ಫೋನಿನ್ಯಾಗ ಹೋಗೂ ರೊಕ್ಕಕ್ಕ ಎಲ್ಲೀ ಶುಕ್ರವಾರ ಬೇ’ ಅಂತ ಸುನಿತಾ ಅತ್ತ ಕಡೆಯಿಂದ ನಕ್ಕಳು. ‘ಲಕ್ಷ್ಮಿ ಏನ್ ಹೊಸ್ತಲಾ ದಾಟಿ ನಡಕೊಂತ ಬರತಾಳೇನು?’

‘ಎದರಾಗ ಹೋದ್ರೂ ಹೋದದ್ದು ಹೋದದ್ದ ಅಲ್ಲೇನ್ರಿ’ ಅಂದಳು ನೇತ್ರಾವತಿ, ತಮಾಷೆಗೆ ತಮಾಷೆ ಸೇರಿಸದೆ. ‘ಒಮ್ಮಿ ಲಕ್ಷ್ಮಿ ಹೋದದ್ದ ನೋಡೇವಿ. ಮತ್ತ ಬರಾಕ ಎಷ್ಟು ವರ್ಷ ಹಿಡೀತು. ಹಗ್ಗಾ ಹಾಕಿ ಎಳದಂಗ ಎಳದು ತಂದೀವಿ. ಒಂದು ದಿನ ತಡ ಆದ್ರ ಅಡ್ಡಿ ಇಲ್ಲ, ಶುಕ್ರವಾರ ಮಾತ್ರ ಹೊರಗ ಹಾಕಬಾರದು ಅನಿಸ್ತು.’

ಹೊಸಪೇಟೆಯ ಹೋಟೆಲು ಶೋಭಾರಾಣಿಯ ಕಣ್ಣೆದುರು ಮೇಜು ಕುರ್ಚಿ ಸಮೇತ ಎದ್ದು ಹೋಯಿತು. ಆ ಜಾಗದಲ್ಲಿ, ಕಟ್ಟಬೇಕಾದ ದುಡ್ಡನ್ನು ದೇವರ ಜಗಲಿಯ ಮೇಲಿಟ್ಟು ದಿನವೆಲ್ಲ ಅದನ್ನು ಕಾಯುತ್ತಾ ಕೂತ ಹೆಂಗಸೊಬ್ಬಳು ಉಳಿದಳು.

ಕಂಪ್ಯೂಟರಿನಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗಿಯೇ ಇತ್ತು. ಕರೆ ಸ್ವೀಕರಿಸಲಿಲ್ಲ ಅಂತ ಬಂದ ಕೂಡಲೇ ಅದು ಆ ಹೆಸರಿನ ಖಾತೆಗೆ ಬೀಗ ಹಾಕಿತ್ತು. ಮಧ್ಯಾಹ್ನ ಸಾಲ ಕೊಟ್ಟವರಿಗೆ ತಾನಾಗಿಯೇ ಕಾಗದ ಹೋಗುತ್ತದೆ. ಬೀಗ ತೆಗೆಯಲು ಈಶಪ್ಪನವರಿಗೆ ಮಾತ್ರ ಸಾಧ್ಯ. ಅವರು ತೆಗೆಯಬೇಕಾದರೆ, ಕರೆ ಮಾಡಿದರೂ ಎತ್ತದವರು ಈಗ ಬಂದು ಶುಕ್ರವಾರ ಅಂದರೆ ನಂಬುವುದು ಹೇಗೆ ಅಂತ ಕೇಳುತ್ತಾರೆ. ಕೇಳಲೇಬೇಕು, ಅವರಿಗೂ ಮೇಲಿನವರಿದ್ದಾರೆ.

‘ಮೊದಲ ಒಂದು ಮಾತು ಹೇಳಿದ್ರ ಒಂದು ದಿನ ಬಿಡತಾರ ಅಂತ ಸಹಿ ಮಾಡಾಗ ಹೇಳಿದ್ದೆ’ ಅಂದಳು ಶೋಭಾರಾಣಿ. ತನ್ನ ಧ್ವನಿ ಗಟ್ಟಿಯಾದದ್ದು ಅವಳಿಗೇ ಕೇಳಿಸಿತು. ‘ಫೋನ್ ಮಾಡಬೇಕಿತ್ತಲ್ಲ.’

‘ನೆನಪಿತ್ರಿ.’

‘ಮತ್ತ?’

ನೇತ್ರಾವತಿ ಸುನಿತಾಳ ಕಡೆ ನೋಡಿದಳು. ಸುನಿತಾ ಯಾರದೋ ಫೋನಿನಲ್ಲಿ ಮುಳುಗಿದ್ದಳು. ನೇತ್ರಾವತಿ ಕುರ್ಚಿ ಮುಂದೆಳೆದುಕೊಂಡು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

‘ನಿಮಗ ಫೋನ್ ಹಚ್ಚಿದ್ರ ಅವ್ರು ಕಸಗೊಂತಾರ. ಕಸಗೊಂಡು ನಕ್ಕೋಂತ ನಕ್ಕೋಂತ ಮಾತಾಡತಾರ. ಆಮ್ಯಾಲ ಎರಡು ದಿನ ಮನ್ಯಾಗ ನಿಮ್ಮದ ಮಾತು. ಶೋಭಾ ಹಿಂಗಂದ್ಲು, ಶೋಭಾ ಹಂಗಂದ್ಲು. ನೀನೂ ಇದ್ದಿ ನೋಡು ಬಾಯಿಬಡಕಿ, ಶೋಭಾನ್ನ ನೋಡಿ ಕಲಿ, ಒಂದೊಂದು ಮಾತು ಹೆಂಗ ತೂಗಿ ಆಡತಾಳ, ಅಂತಾರ.’ ಅವಳು ಸೆರಗು ಬಿಚ್ಚಿ ಮತ್ತೆ ಸುತ್ತಿದಳು. ‘ಹೊಟ್ಟಿ ಉರೀತೈತ್ರಿ ಅಕ್ಕಾರ. ಸುಳ್ಳ ಯಾಕ ಹೇಳ್ಲಿ. ಇನ್ನ ನೀವು ಫೋನ್ ಮಾಡಿದ್ರ ನಾನ ಎತ್ತಿ ಹೇಳಿದ್ರಾತು ಅಂತ ನಿನ್ನಿ ಫೋನ ಕೈಯಾಗ ಹಿಡಕೊಂಡ ಶರಬತ್ತು ಮಾರೀನಿ. ಬರಲಿಲ್ಲ. ಬರದಿದ್ರ ಅಡ್ಡಿ ಇಲ್ಲ ಅಂತ ಅರ್ಥ ಅಂದುಕೊಂಡೆ.’

ಶೋಭಾರಾಣಿಗೆ ಮೊದಲು ಆದದ್ದು ಸಂತೋಷ. ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಅವಳಿಗೆ ಅದನ್ನು ಬೇರೆ ಹೆಸರಿನಿಂದ ಕರೆಯಲಾಗಲಿಲ್ಲ. ಎರಡು ದಿನ ಆ ಮನೆಯಲ್ಲಿ ತನ್ನ ಮಾತು ನಡೆಯುತ್ತದೆ. ತಾನಿಲ್ಲದ ಮನೆಯಲ್ಲಿ, ಶರಬತ್ತಿನ ಗ್ಲಾಸುಗಳ ನಡುವೆ, ರಾತ್ರಿ ಊಟದ ತಟ್ಟೆಗಳ ನಡುವೆ ತಾನು ಕೂತಿದ್ದೇನೆ. ಎದುರಿಗಿದ್ದ ಈ ಎತ್ತರದ, ಬಾಯಿತುಂಬ ನಗುವ ಹೆಂಗಸು ತನ್ನನ್ನು ಕಂಡು ಉರಿಯುತ್ತಿದ್ದಾಳೆ. ಶೋಭಾರಾಣಿ ಆ ಮಾತನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡಳು. ಆಮೇಲೆ ನೇತ್ರಾವತಿಯ ಬೆರಳು ಕಂಡಿತು. ಸೆರಗು ಬಿಗಿಯಾಗಿ ಸುತ್ತಿ ಸುತ್ತಿ ತುದಿ ಬೆಳ್ಳಗಾಗಿತ್ತು. ಉರಿಯುವವರ ಕೈ ಹೇಗಿರುತ್ತದೆ ಅನ್ನುವುದು ಶೋಭಾರಾಣಿಗೆ ಗೊತ್ತಿತ್ತು. ತನ್ನ ಕೈಗೂ ಅದೇ ಅಭ್ಯಾಸ.

ಒಬ್ಬಳು ಹೊಟ್ಟೆಕಿಚ್ಚಿಗೆ ಫೋನ್ ಮಾಡಿರಲಿಲ್ಲ. ಇನ್ನೊಬ್ಬಳೂ ಹೊಟ್ಟೆಕಿಚ್ಚಿಗೇ ಮಾಡಿರಲಿಲ್ಲ. ಆದರೆ ಒಪ್ಪಂದ ಮುರಿದರೆ ಬೀದಿಗೆ ಬರುವವಳು ಒಬ್ಬಳೇ.

‘ಇಲ್ಲೇ ಕೂಡ್ರಿ’ ಅಂತ ಹೇಳಿ ಅವಳು ಎದ್ದು ಒಳಗಿನ ಕೋಣೆಗೆ ಹೋದಳು.

ಈಶಪ್ಪನವರು ಚಹಾದಲ್ಲಿ ಬಿಸ್ಕಿಟು ಅದ್ದುತ್ತಿದ್ದರು. ಹನುಮನಹಳ್ಳಿಯ ಖಾತೆಯ ಬೀಗ ತೆಗೆಯಬೇಕು ಅಂತ ಅವಳು ಹೇಳಿದಳು. ಅವರು ಪರದೆ ನೋಡಿ, ಫೋನು ಎತ್ತಿಲ್ಲ ಅಂತ ನೀವೇ ಬರೆದಿದ್ದೀರಲ್ಲ ಅಂದರು.

‘ಫೋನ್ ಮಾಡಿಲ್ರಿ ಸರ್. ಮಾಡದ ಬರದೀನಿ.’

ಬಿಸ್ಕಿಟು ಚಹಾದೊಳಗೆ ಮುರಿದು ಬಿತ್ತು. ಅವರು ಅದನ್ನು ಚಮಚದಿಂದ ಹುಡುಕುತ್ತಾ, ‘ಮರತ್ರೇನು?’ ಅಂದರು.

ಹೌದು ಅಂದಿದ್ದರೆ ಮುಗಿದು ಹೋಗುತ್ತಿತ್ತು. ಬಾಗಿಲು ತೆರೆದಿಟ್ಟು ಕೇಳಿದ ಪ್ರಶ್ನೆ ಅದು. ಆದರೆ ಅಷ್ಟೊಂದು ಮಂದಿಗೆ ಮಾಡಿ ಒಬ್ಬರಿಗೆ ಮಾತ್ರ ಮರೆತೆ ಅನ್ನುವುದು ಅವಳ ಬಾಯಿಗೆ ಬರಲಿಲ್ಲ. ನಿಜವಾದ ಮಾತೂ ಬರಲಿಲ್ಲ. ನಡುವೆ ಎಲ್ಲೋ ನಿಂತು, ‘ಮರತಿಲ್ರಿ. ಅವ್ರು ನಮ್ಮ ಸ್ವಾದರಮಾವನ ಮಗ ಆಗಬೇಕ್ರಿ’ ಅಂದಳು.

ಈಶಪ್ಪನವರು ಅದನ್ನು ತಮಗೆ ತಿಳಿದ ಹಾಗೆ ತಿಳಿದುಕೊಂಡರು. ಬಂಧು ಬಳಗದವರಿಗೆ ದುಡ್ಡು ಕೇಳುವುದು ಯಾರಿಗಾದರೂ ತ್ರಾಸೇ ಅಂದರು. ಮೊದಲೇ ಹೇಳಬಾರದಾಗಿತ್ತೇ ಅಂದರು. ಆಮೇಲೆ ಧ್ವನಿ ಬದಲಾಯಿತು. ಮಾಡದ ಫೋನನ್ನು ಮಾಡಿದ್ದೇನೆ ಅಂತ ಬರೆಯುವುದು ಸಣ್ಣ ತಪ್ಪಲ್ಲ, ಈ ವರ್ಷದ ಬಡ್ತಿಗೆ ನಿಮ್ಮ ಹೆಸರು ಕಳಿಸಿದ್ದೆ, ಅದನ್ನು ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ ಅಂದರು. ಶೋಭಾರಾಣಿ ತಲೆಯಾಡಿಸಿದಳು. ಅವರು ಬೀಗ ತೆಗೆದರು. ಸಂಬಂಧಿಕರ ಖಾತೆ ಇನ್ನು ನಿಮ್ಮ ಕೈಯಲ್ಲಿ ಇರುವುದು ಬೇಡ, ಇವತ್ತಿನಿಂದ ಸುನಿತಾ ನೋಡಿಕೊಳ್ಳಲಿ ಅಂತ ಅಲ್ಲೇ ಎರಡು ಗುಂಡಿ ಒತ್ತಿದರು. ಆ ಎರಡು ಗುಂಡಿಯ ಸದ್ದು ಬಡ್ತಿಯ ಮಾತಿಗಿಂತ ಹೆಚ್ಚಾಗಿ ಅವಳ ಕಿವಿಯಲ್ಲಿ ಉಳಿಯಿತು.

ಹೊರಗೆ ಬಂದು ಈಗ ಕಟ್ಟಿರಿ ಅಂದಳು. ನೇತ್ರಾವತಿ ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಫೋನು ಒತ್ತಿದಳು. ಹಸಿರು ಗುರುತು ಬಂತು. ಅದನ್ನು ಕಣ್ಣಿಗೊತ್ತಿಕೊಂಡಳು.

‘ತಪ್ಪು ಯಾರ್ದಿತ್ರಿ ಅಕ್ಕಾರ? ಬಂದ್ ಯಾಕ ಆಗಿತ್ತು?’

‘ನಂದ. ನಿನ್ನಿ ಫೋನ್ ಮಾಡಬೇಕಿತ್ತು, ಮಾಡಲಿಲ್ಲ.’

‘ಇರಲಿ ಬಿಡ್ರಿ. ನಿಮಗೂ ಕೆಲಸ ಭಾಳ ಇರತೈತಿ’ ಅಂದಳು ನೇತ್ರಾವತಿ. ಅಷ್ಟು ಸುಲಭವಾಗಿ ಅಂದುಬಿಟ್ಟಳು. ಆ ಸುಲಭವನ್ನು ಕಂಡೂ ಶೋಭಾರಾಣಿಗೆ ಒಳಗೆಲ್ಲೋ ಉರಿಯಿತು.

ಮುಂದಿನ ತಿಂಗಳಿಂದ ಸುನಿತಾ ಫೋನ್ ಮಾಡುತ್ತಾಳೆ, ಏನಿದ್ದರೂ ಅವಳಿಗೇ ಹೇಳಬೇಕು ಅಂತ ತಿಳಿಸಿದಳು. ನೇತ್ರಾವತಿಯ ಹುಬ್ಬು ಮೇಲೆ ಹೋಯಿತು. ಅವಳು ಮುಖವನ್ನು ಬಹಳ ಪ್ರಯತ್ನಪಟ್ಟು ಸಪ್ಪಗೆ ಇಟ್ಟುಕೊಂಡಳು.

‘ಹಂಗಾರ ಇನ್ನ ನಿಮಗ ಫೋನ್ ಮಾಡೂದು ಬ್ಯಾಡೇನ್ರಿ?’

‘ಬ್ಯಾಡ.’

‘ಇವ್ರಿಗೆ ಭಾಳ ಬ್ಯಾಸರ ಆಕ್ಕೈತಿ ನೋಡ್ರಿ’ ಅಂದಳು. ಹನುಮನಹಳ್ಳಿಗೆ ಬಂದು ಹೋಗಬೇಕು, ಹೊಳಿಯಮ್ಮತ್ತಿಯನ್ನೂ ಕರಕೊಂಡು ಬರಬೇಕು ಅಂತ ಮೂರು ಸಲ ಹೇಳಿದಳು. ಮೆಟ್ಟಿಲಿಳಿಯುವಾಗ ಅವಳ ಚಪ್ಪಲಿಯ ಸದ್ದು ಬರುವಾಗಿನದಕ್ಕಿಂತ ಬಹಳ ಹಗುರವಾಗಿತ್ತು. ಕಂತು ಉಳಿದದ್ದಕ್ಕೆ ಎಷ್ಟು, ಫೋನು ತಪ್ಪಿದ್ದಕ್ಕೆ ಎಷ್ಟು ಅಂತ ಬೇರ್ಪಡಿಸಲು ಆ ಸದ್ದಿನಿಂದ ಆಗುತ್ತಿರಲಿಲ್ಲ.

ಆ ಸಂಜೆ ದುರಗೇಶ ಬಂದು ಸಿಲಿಂಡರ್ ಅಲುಗಾಡಿಸಿ ನೋಡಿದ. ಬಡ್ತಿ ಈ ವರ್ಷ ಆಗುವುದಿಲ್ಲ ಅಂತ ಶೋಭಾರಾಣಿ ಹೇಳಿದಳು. ಇರಲಿ, ನಮಗೇನು ಅದರಿಂದಲೇ ನಡೆಯಬೇಕಾಗಿಲ್ಲ ಅಂದ ಅವನು. ಯಾಕೆ ಅಂತ ಕೇಳುತ್ತಾನೇನೋ ಅಂತ ಅವಳು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಳು. ಅವನು ನೀರಿನ ಟಾಕಿ ನೋಡಲು ಮೇಲೆ ಹೋದ.

ಜನವರಿಯಲ್ಲಿ ಕಂತಿನ ದಿನ ಬಂದಾಗ ಅವಳು ಅಭ್ಯಾಸ ಬಲದಿಂದ ಹನುಮನಹಳ್ಳಿಯ ಹೆಸರು ಹುಡುಕಿದಳು. ಅದು ಅವಳ ಪರದೆಯಲ್ಲಿ ತೆರೆದುಕೊಳ್ಳಲಿಲ್ಲ. ಬೇರೆ ಯಾರದೋ ವಿಷಯ ಮಾತಾಡುತ್ತಾ ಮಾತಾಡುತ್ತಾ, ಅವರದು ಬಂತೇನು ಅಂತ ಸುನಿತಾಳನ್ನು ಕೇಳಿದಳು.

‘ಬಂತಲ್ಲ, ಮೊನ್ನೇನ ಬಂತು. ನೆನಪ ಮಾಡಾಕ ಫೋನ್ ಹಚ್ಚಿದ್ದೆ’ ಅಂದಳು ಸುನಿತಾ. ಹೇಳುವ ಮೊದಲೇ ಅವಳಿಗೆ ನಗು ಬಂದಿತ್ತು. ‘ಭಾಳ ನಗಸ್ತಾನ ಬೇ ಆ ಮನಷ್ಯಾ. ನಾ ಒಂದು ಅಂದ್ರ ಅಂವ ಎರಡು ಅಂತಾನ. ನಮ್ಮ ಮನಿಯಾಂವಗ ಹೇಳಿದೆ, ಫೋನಿನ್ಯಾಗ ಹೆಂಗ ಮಾತಾಡಬೇಕು ಅಂತ ಅವನ ಕಡೆ ಕಲಕೋ ಹೋಗು ಅಂತ.’

‘ಕಂತಿನ ಮಾತಷ್ಟ ಆಡಬೇಕು ಸುನಿತಾ. ಹೆಚ್ಚಿಗಿ ಮಾತಾಡಿದ್ರ ಮಂದಿ ಸಲಗಿ ತಗೊಂತಾರ.’

‘ತಗೊಳ್ಳಲಿ ಬಿಡು. ಕಂತು ಬಂದ್ರಾತು’ ಅಂತ ಸುನಿತಾ ಮುಂದಿನ ನಂಬರು ಒತ್ತಿದಳು.

ಶೋಭಾರಾಣಿ ತನ್ನ ಪರದೆಯ ಕಡೆ ತಿರುಗಿ ಕೂತಳು. ಅಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದಳು, ಒಂದೂ ತಲೆಗೆ ಹೋಗಲಿಲ್ಲ. ಸುನಿತಾ ಫೋನ್ ಮಾಡಿದ ಹೊತ್ತಿಗೆ ಬೆಟ್ಟದ ಬುಡದಲ್ಲಿ ನೇತ್ರಾವತಿ ಎಲ್ಲಿ ನಿಂತಿದ್ದಳೋ. ನಿಂಬೆಹಣ್ಣು ಹಿಂಡುವುದನ್ನು ನಿಲ್ಲಿಸಿ, ಹೊಸ ಧ್ವನಿಯೊಂದಿಗೆ ಗಂಡ ನಗುವುದನ್ನು ಕೇಳಿಸಿಕೊಂಡು, ಸೆರಗನ್ನು ಯಾವ ಬೆರಳಿಗೆ ಸುತ್ತಿದಳೋ. ಆಮೇಲೆ ಎರಡು ದಿನ ಆ ಮನೆಯಲ್ಲಿ ಸುನಿತಾಳ ಮಾತು ನಡೆದಿರುತ್ತದೆ. ಅದನ್ನು ತಡೆದುಕೊಳ್ಳುವುದು ಎಷ್ಟು ಕಷ್ಟ ಅಂತ ತಿಳಿದವರು ಜಗತ್ತಿನಲ್ಲಿ ಇಬ್ಬರೇ ಇದ್ದರು. ನೇತ್ರಾವತಿಗೆ ಒಂದು ಫೋನ್ ಮಾಡಬೇಕು ಅಂತ ಶೋಭಾರಾಣಿಗೆ ಬಹಳ ಅನಿಸಿತು. ನಂಬರು ಬಾಯಿಪಾಠವೇ ಆಗಿತ್ತು.

ಆದರೆ ಕಂತು ಬಂದುಬಿಟ್ಟಿತ್ತು. ಫೋನ್ ಮಾಡಲು ಅವಳ ಹತ್ತಿರ ಕಾರಣವಿರಲಿಲ್ಲ.